ಹದಿನೇಳರ ಹುಡುಗ ಸಿಕ್ಕಿಬಿದ್ರೆ ಮುಂದೇನಾಗತ್ತೆ? ಬಾಲ ನ್ಯಾಯ ಕಾನೂನನ್ನ ಬಿಡಿಸಿ ನೋಡೋಣ

2024ರ ಮೇ 19, ಭಾನುವಾರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಒಂದು ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಸಾಫ್ಟ್‌ವೇರ್ ಇಂಜಿನಿಯರ್‌ಗಳು ಸತ್ತುಹೋದ್ರು. ಕಾರು ಓಡಿಸ್ತಿದ್ದೋನು 17 ವರ್ಷದ ಹುಡುಗ ಅಂದ್ರು ಪೊಲೀಸರು. ಅವತ್ತೇ ಬೇಲ್ ಸಿಕ್ತು, ಅದರ ಷರತ್ತುಗಳಲ್ಲಿ ಒಂದು ಏನಪ್ಪಾ ಅಂದ್ರೆ ರಸ್ತೆ ಅಪಘಾತದ ಬಗ್ಗೆ 300 ಪದದ ಪ್ರಬಂಧ ಬರೀಬೇಕು ಅಂತ. ಆಮೇಲೆ ಎಷ್ಟೋ ದಿನ ಯಾವ ವಾಟ್ಸಾಪ್ ಗ್ರೂಪ್ ತೆಗೆದ್ರೂ ಅದೇ ಮಾತು, ಎರಡು ಜೀವಕ್ಕೆ ಮುನ್ನೂರು ಪದಾನಾ, ಇದೆಂಥ ಕಾನೂನು ಮಾರಾಯ್ರೆ ಅಂತ.

ಸಿಟ್ಟು ಬರೋದು ಸಹಜ. ಆದ್ರೆ ಆ ಗಲಾಟೇಲಿ ಒಂದು ವಿಷಯ ಯಾರೂ ಸರಿಯಾಗಿ ಹೇಳ್ಲಿಲ್ಲ, 18 ತುಂಬದೇ ಇರೋರಿಗೆ ಬೇರೆ ಕಾನೂನು ಯಾಕಿದೆ, ಅದು ಹೇಗೆ ನಡೆಯತ್ತೆ, ಅದನ್ನ ಸರಿ ಮಾಡ್ಬೇಕು ಅಂತ ವರ್ಷಗಳಿಂದ ಹೇಳ್ತಿರೋರು ಏನನ್ನ ಸರಿ ಮಾಡಿ ಅಂತಿದಾರೆ ಅನ್ನೋದು. ಬುಡದಿಂದ ನೋಡೋಣ.

ಮೊದಲು ಪದಗಳು

ಪೇಪರ್‌ನೋರು "ಬಾಲಾಪರಾಧಿ" ಅಂತ ಬರೀತಾರೆ, ಕಾನೂನು ಹಾಗೆ ಕರೆಯಲ್ಲ. ಕಾನೂನಿನ ಪದ "ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು". ಬಾಯಿಗೆ ಹಿಡಿಯದಷ್ಟು ಉದ್ದ ಇದೆ ನಿಜ, ಆದ್ರೆ ಬೇಕು ಅಂತಲೇ ಹಾಗಿಟ್ಟಿದಾರೆ. ಅಪರಾಧಿ ಅಂದ್ಬಿಟ್ರೆ ಅದು ಆ ಹುಡುಗನ ಹೆಸರೇ ಆಗೋಗತ್ತೆ, ಹಂಗಾಗಿ ಆಪಾದಿತ, ಅಪರಾಧಿ ಅನ್ನೋ ಥರದ ದೂಷಿಸೋ ಪದಗಳನ್ನ ಬಳಸಬಾರದು ಅನ್ನೋದು ಈ ಕಾನೂನಿನ ಮೂಲ ತತ್ವಗಳಲ್ಲೇ ಒಂದು.

ಈಗ ನಡೀತಿರೋದು 2015ರ ಬಾಲ ನ್ಯಾಯ ಕಾಯ್ದೆ, ಜಾರಿಗೆ ಬಂದಿದ್ದು 2016ರ ಜನವರಿ 15ಕ್ಕೆ. ಕೇಸ್ ನೋಡೋದು ಮಾಮೂಲಿ ಕೋರ್ಟ್ ಅಲ್ಲ, ಬಾಲ ನ್ಯಾಯ ಮಂಡಳಿ. ಅದರಲ್ಲಿ ಮೂರು ಜನ, ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರಾದ್ರೂ ಹೆಂಗಸಾಗಿರಬೇಕು. ಮಂಡಳಿ ಕೂರದ ದಿನ ಮಗುವನ್ನ ಒಬ್ಬ ಸದಸ್ಯರ ಮುಂದೆ ಹಾಜರು ಮಾಡಬಹುದು. ಪುಣೇಲಿ ಆಗಿದ್ದೂ ಅದೇ, ಅವತ್ತು ಭಾನುವಾರ ಅಲ್ವಾ.

ವಿಚಾರಣೆ ಟೈಮಲ್ಲಿ ಮನೆಗೆ ಕಳಿಸೋಕೆ ಆಗದ ಮಕ್ಕಳನ್ನ ಇಡೋ ಜಾಗ ವೀಕ್ಷಣಾಲಯ, ನಮ್ಮ ಕಡೆ ಜನ ಇನ್ನೂ ರಿಮ್ಯಾಂಡ್ ಹೋಮ್ ಅಂತಾನೇ ಅನ್ನೋದು. ತಪ್ಪು ಮಾಡಿದ್ದು ಹೌದು ಅಂತಾದ್ಮೇಲೆ ಇಡೋದು ವಿಶೇಷ ಗೃಹ. 16 ದಾಟಿ ಘೋರ ಅಪರಾಧದಲ್ಲಿ (ಘೋರ ಅಂದ್ರೆ ಏನು ಅಂತ ಮುಂದೆ ನೋಡೋಣ) ಸಿಕ್ಕಿದೋರಿಗೆ ಸುರಕ್ಷತಾ ಸ್ಥಳ ಅಂತ ಇನ್ನೊಂದಿದೆ. ಬಾಲಮಂದಿರ ಇವೆಲ್ಲಕ್ಕಿಂತ ಬೇರೆ, ಅದು ಅನಾಥರು, ಮನೆ ಬಿಟ್ಟು ಬಂದೋರು, ಅಂದ್ರೆ ಏನೂ ತಪ್ಪು ಮಾಡದೇ ಆಸರೆ ಬೇಕಾದ ಮಕ್ಕಳಿಗೆ. ಎರಡನ್ನೂ ಒಂದೇ ಅನ್ಕೊಂಡು ಬಾಲಮಂದಿರದ ಮಕ್ಕಳನ್ನ ಕಳ್ಳರ ಥರ ನೋಡೋ ಜನ ಇದಾರೆ, ಪಾಪ.

ಮೊಬೈಲ್ ಕದ್ದ ಮಂಜ

ಒಂದು ಕಾಲ್ಪನಿಕ ಉದಾಹರಣೆ ಇಟ್ಕೊಂಡ್ರೆ ಸುಲಭ. ದಾವಣಗೆರೆಯ 16 ವರ್ಷದ ಹುಡುಗ, ಮಂಜ ಅನ್ನಿ. ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟಿದಾನೆ, ಗ್ಯಾರೇಜಲ್ಲಿ ಕೆಲಸ. ಬಸ್‌ಸ್ಟ್ಯಾಂಡಲ್ಲಿ ಒಬ್ಬರ ಜೇಬಿಂದ ಮೊಬೈಲ್ ಎಗರಿಸೋವಾಗ ಸಿಕ್ಕಿಬಿದ್ದ.

ಸ್ಟೇಷನ್‌ನಲ್ಲಿ ಅವನನ್ನ ಲಾಕಪ್ಪಿಗೆ ಹಾಕಂಗಿಲ್ಲ, ಬೇಡಿ ತೊಡಿಸಂಗಿಲ್ಲ. ಪ್ರತಿ ಸ್ಟೇಷನ್‌ನಲ್ಲೂ ಎಎಸ್‌ಐಗಿಂತ ಕಮ್ಮಿಯಲ್ಲದ ದರ್ಜೆಯ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಅವರು ಮಫ್ತಿಯಲ್ಲಿ ಮಾತಾಡಿಸಬೇಕು, ಅಪ್ಪ ಅಮ್ಮನಿಗೆ ತಿಳಿಸಬೇಕು, ಪ್ರಯಾಣದ ಟೈಮ್ ಬಿಟ್ಟು 24 ಗಂಟೆಯೊಳಗೆ ಮಂಡಳಿ ಮುಂದೆ ಕರ್ಕೊಂಡು ಹೋಗ್ಬೇಕು. ಇನ್ನೂ ಒಂದಿದೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ: ಘೋರ ಅಪರಾಧ ಆಗಿದ್ರೆ ಇಲ್ಲಾ ದೊಡ್ಡವರ ಜೊತೆ ಸೇರಿ ಮಾಡಿದ್ರೆ ಮಾತ್ರ ಎಫ್‌ಐಆರ್. ಮಂಜ ಒಬ್ಬನೇ ಕದ್ದಿದ್ರೆ ಡೈರಿಯಲ್ಲಿ ಬರೆದು, ಅವನ ಮನೆ ಪರಿಸ್ಥಿತಿ ಬಗ್ಗೆ ಒಂದು ವರದಿ ತುಂಬಿಸಿ ಮಂಡಳಿಗೆ ಕೊಡಬೇಕು, ಅಷ್ಟೇ.

ಮಂಡಳೀಲಿ ಬೇಲ್ ಅನ್ನೋದು ನಿಯಮ, ಒಳಗಿಡೋದು ಅಪವಾದ. ಬೇಲ್ ಬೇಡ ಅನ್ನಬೇಕಾದ್ರೆ ಕಾರಣ ಬೇಕು, ಆಚೆ ಬಿಟ್ರೆ ರೌಡಿಗಳ ಸಹವಾಸಕ್ಕೆ ಬೀಳ್ತಾನೆ, ಇಲ್ಲಾ ಅವನಿಗೇ ಅಪಾಯ ಇದೆ, ಇಲ್ಲಾ ಬಿಟ್ರೆ ನ್ಯಾಯದ ಉದ್ದೇಶವೇ ಹಾಳಾಗತ್ತೆ, ಇಷ್ಟರಲ್ಲಿ ಒಂದು. ಅಪರಾಧ ಎಷ್ಟು ದೊಡ್ಡದು ಅನ್ನೋದು ಆ ಪಟ್ಟೀಲೇ ಇಲ್ಲ. ಪುಣೆ ಬೇಲ್ ನೋಡಿ ನಾವೆಲ್ಲ ಬೆಚ್ಚಿಬಿದ್ವಲ್ಲ, ಬೇಲ್ ಕೊಟ್ಟಿದ್ದಕ್ಕೆ ಬುಡ ಇದು. ಪ್ರಬಂಧದ ಐಡಿಯಾ ಎಲ್ಲಿಂದ ಬಂತೋ, ಅದನ್ನ ಕೊಟ್ಟೋರೇ ಬಲ್ಲರು.

ಆಮೇಲೆ ಬರ್ತಾರೆ ಈ ಇಡೀ ವ್ಯವಸ್ಥೆಯ ನಿಜವಾದ ನಟ್ಟು ಬೋಲ್ಟು, ಪರಿವೀಕ್ಷಣಾಧಿಕಾರಿ, ಅಂದ್ರೆ ಪ್ರೊಬೇಷನ್ ಆಫೀಸರ್. ಅವರು ಮಂಜನ ಮನೆಗೆ ಹೋಗ್ಬೇಕು, ಅಪ್ಪ ಏನ್ ಮಾಡ್ತಾರೆ, ಕುಡೀತಾರಾ, ಹೊಡೀತಾರಾ, ಹುಡುಗ ಸ್ಕೂಲ್ ಯಾವಾಗ ಬಿಟ್ಟ, ಯಾಕೆ ಬಿಟ್ಟ, ಫ್ರೆಂಡ್ಸ್ ಯಾರು, ಕದ್ದ ಮೊಬೈಲ್ ಯಾರಿಗೆ ಮಾರಬೇಕಂತಿದ್ದ, ಇವೆಲ್ಲ ವಿಚಾರಿಸಿ ಎರಡು ವಾರದೊಳಗೆ ವರದಿ ಕೊಡ್ಬೇಕು. ಡಾಕ್ಟರು ಔಷಧಿ ಬರೆಯೋಕೆ ಮುಂಚೆ ರಕ್ತ ಪರೀಕ್ಷೆ ಮಾಡಿಸ್ತಾರಲ್ಲ, ಆ ಥರ. ರಿಪೋರ್ಟ್ ಸರಿಯಿಲ್ಲ ಅಂದ್ರೆ ಮುಂದಿನ ಔಷಧೀನೂ ಅಂದಾಜಿನದೇ.

ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗೀಬೇಕು, ಬೇಕಾದ್ರೆ ಇನ್ನೆರಡು ತಿಂಗಳು. ಸಣ್ಣ ಕೇಸು ಅಷ್ಟರಲ್ಲೂ ಮುಗೀಲಿಲ್ಲ ಅಂದ್ರೆ ಅಲ್ಲಿಗೇ ಕೈಬಿಡಬೇಕು. ತಪ್ಪು ಮಾಡಿದ್ದು ಹೌದು ಅಂತಾದ್ರೆ ಮಂಡಳಿ ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಕೌನ್ಸೆಲಿಂಗಿಗೆ ಹಾಕಬಹುದು, ಸಮುದಾಯ ಸೇವೆ ಮಾಡಿಸಬಹುದು, ದಂಡ ಹಾಕಬಹುದು, ಪರಿವೀಕ್ಷಣೆ ಮೇಲೆ ಬಿಡಬಹುದು, ಸ್ಕೂಲಿಗೋ ಕೆಲಸ ಕಲಿಯೋಕೋ ಚಟ ಬಿಡಿಸೋ ಕೇಂದ್ರಕ್ಕೋ ಹೋಗು ಅನ್ನಬಹುದು, ಕಟ್ಟಕಡೆಗೆ ಹೆಚ್ಚಂದ್ರೆ ಮೂರು ವರ್ಷ ವಿಶೇಷ ಗೃಹ.

ಹದಿನೆಂಟೇ ಯಾಕೆ?

ಗೆರೆ ಯಾವಾಗ್ಲೂ ಇಲ್ಲೇ ಇರ್ಲಿಲ್ಲ. 1986ರ ಕಾಯ್ದೇಲಿ ಹುಡುಗರಿಗೆ 16, ಹುಡುಗೀರಿಗೆ 18 ಇತ್ತು. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರ್ಕೊಂಡಿತ್ತು, ಅದರ ಪ್ರಕಾರ 18ರ ಒಳಗಿನೋರೆಲ್ಲ ಮಕ್ಕಳು, ಹಂಗಾಗಿ 2000ದ ಕಾಯ್ದೇಲಿ ಇಬ್ಬರಿಗೂ 18 ಆಯ್ತು. ಕೆಳಗಡೆನೂ ಒಂದು ಗೆರೆ ಇದೆ, ಏಳು ವರ್ಷದ ಒಳಗಿನ ಮಗು ಏನೇ ಮಾಡಿದ್ರೂ ಅಪರಾಧ ಅಲ್ಲ.

ವಯಸ್ಸಿಗೂ ತಪ್ಪಿಗೂ ಏನು ಸಂಬಂಧ ಅಂದ್ರೆ, ಹಿಂದೆಮುಂದೆ ಯೋಚನೆ ಮಾಡಿ ಕೈ ತಡೆಯೋ ಮಿದುಳಿನ ಮುಂಭಾಗ ಪೂರ್ತಿ ಬಲಿಯೋದು ಇಪ್ಪತ್ತು ದಾಟಿದ ಮೇಲೆ, ಆದ್ರೆ ಥ್ರಿಲ್ ಹುಡುಕೋ ಭಾಗ ಹದಿಹರೆಯದಲ್ಲೇ ಜೋರಾಗಿರತ್ತೆ. 2005ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಒಂದು ಡ್ರೈವಿಂಗ್ ಗೇಮ್ ಆಡಿಸಿ ನೋಡಿದ್ರು, ಪಕ್ಕದಲ್ಲಿ ಗೆಳೆಯರು ಕೂತಾಗ ಹದಿಹರೆಯದೋರು ಒಬ್ಬರೇ ಇದ್ದಾಗಿನಕಿಂತ ತುಂಬಾ ಜಾಸ್ತಿ ರಿಸ್ಕ್ ತಗೊಂಡ್ರು, ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣ್ಲಿಲ್ಲ. ನಮ್ಮ ಹಳ್ಳಿ ಕಡೆ ಹೋರಿ ಪಳಗಿಸೋದು ನೋಡಿದೋರಿಗೆ ಇದು ಹೊಸ ಮಾತೇನಲ್ಲ. ಮೊದಲ ಸಲ ನೊಗ ಕಟ್ಟೋವಾಗ ಹೋರಿಗೆ ಬಲಕ್ಕೇನು ಕೊರತೆ ಇರಲ್ಲ, ಸಾಲು ಹಿಡಿಯೋದು ಗೊತ್ತಿರಲ್ಲ, ಅದಕ್ಕೆ ಇನ್ನೊಂದು ಕಡೆ ಅನುಭವ ಇರೋ ಎತ್ತು ಕಟ್ತಾರೆ. ತುಂಟ ಎತ್ತಿನ ಜೊತೆ ಕಟ್ಟಿದ್ರೆ ಹೋರಿ ಅದರ ಚಾಳಿನೇ ಕಲಿಯತ್ತೆ. ಮಕ್ಕಳನ್ನ ದೊಡ್ಡವರ ಜೈಲಿಗೆ ಹಾಕಬೇಡಿ ಅನ್ನೋ ವಾದದ ತಿರುಳು ಇಷ್ಟೇ.

ಹಂಗಂತ ಮಕ್ಕಳ ಕೇಸುಗಳು ದೇಶ ತುಂಬ್ಕೊಂಡಿವೆ ಅಂತಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ಇಂಥವು ಸುಮಾರು 30,500, ಒಟ್ಟು ಕೇಸುಗಳು 58 ಲಕ್ಷದ ಮೇಲೆ. ಅಂದ್ರೆ ಸಾವಿರಕ್ಕೆ ಐದು. ಸಿಕ್ಕವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ 16ರಿಂದ 18ರೊಳಗಿನೋರು.

"ಘೋರ" ಅನ್ನೋ ಪದದ ವಿಚಿತ್ರ ಲೆಕ್ಕ

2012ರ ಡಿಸೆಂಬರ್‌ನ ದೆಹಲಿ ಅತ್ಯಾಚಾರ ಪ್ರಕರಣದ ಆರು ಜನರಲ್ಲಿ ಒಬ್ಬನಿಗೆ 18 ತುಂಬಿರ್ಲಿಲ್ಲ, ಅವನಿಗೆ ಆಗಿದ್ದು ಮೂರು ವರ್ಷ. 2015ರ ಡಿಸೆಂಬರ್‌ನಲ್ಲಿ ಅವನು ಆಚೆ ಬಂದ, ಅದೇ ವಾರ ಹೊಸ ಮಸೂದೆ ರಾಜ್ಯಸಭೇಲಿ ಪಾಸಾಯ್ತು. 16 ತುಂಬಿದೋರು ಘೋರ ಅಪರಾಧ ಮಾಡಿದ್ರೆ ದೊಡ್ಡವರ ಥರ ವಿಚಾರಣೆ ಮಾಡಬಹುದು ಅನ್ನೋ ಬಾಗಿಲು ತೆರೆದುಕೊಂಡಿದ್ದು ಆಗ. 16ರೊಳಗಿನೋರಿಗೆ ಈ ಬಾಗಿಲು ಇಲ್ಲ. ಈ ದಾರೀಲಿ ಹೋದ್ರೂ 21ರ ತನಕ ಸುರಕ್ಷತಾ ಸ್ಥಳದಲ್ಲೇ ಇಡಬೇಕು, ಆಮೇಲೆ ಸುಧಾರಿಸಿದಾನಾ ಅಂತ ನೋಡಿ ಬಿಡೋದೋ ಜೈಲಿಗೆ ಕಳಿಸೋದೋ ತೀರ್ಮಾನ ಮಾಡ್ಬೇಕು. ಗಲ್ಲು ಇಲ್ಲ, ಬಿಡುಗಡೆ ಅವಕಾಶನೇ ಇಲ್ಲದ ಜೀವಾವಧಿನೂ ಇಲ್ಲ.

ಈಗ ಘೋರ ಅಂದ್ರೆ ಏನು? ನೋಡೋರ ಕಣ್ಣಿಗೆ ಭೀಕರ ಅನ್ನಿಸಿದ್ದಲ್ಲ. ಆ ಅಪರಾಧಕ್ಕೆ ಕಾನೂನಲ್ಲಿ *ಕನಿಷ್ಠ* ಶಿಕ್ಷೆ ಏಳು ವರ್ಷ ಇಲ್ಲಾ ಜಾಸ್ತಿ ಅಂತ ಬರೆದಿರಬೇಕು. ಗರಿಷ್ಠ ಶಿಕ್ಷೆ ಎಷ್ಟೇ ಇರ್ಲಿ, ಕನಿಷ್ಠ ಬರೆದಿಲ್ಲ ಅಂದ್ರೆ ಘೋರ ಅಲ್ಲ, ಇದನ್ನ ಸುಪ್ರೀಂ ಕೋರ್ಟ್ 2020ರ ಜನವರೀಲಿ ಸ್ಪಷ್ಟ ಮಾಡ್ತು, ಸಂಸತ್ತು 2021ರ ತಿದ್ದುಪಡೀಲಿ ಅಂಥವನ್ನೆಲ್ಲ "ಗಂಭೀರ" ಅನ್ನೋ ಗುಂಪಿಗೆ ಹಾಕ್ತು.

ಇದರಿಂದ ಏನಾಗತ್ತೆ ನೋಡಿ. ಪುಣೆ ಕೇಸಲ್ಲಿ ಹಾಕಿದ್ದ ದೊಡ್ಡ ಸೆಕ್ಷನ್, ಕೊಲೆಯಲ್ಲದ ನರಹತ್ಯೆ, ಅದಕ್ಕೆ ಗರಿಷ್ಠ ಜೀವಾವಧಿ ಇದೆ, ಏಳು ವರ್ಷದ ಕನಿಷ್ಠ ಇಲ್ಲ. ಅವನನ್ನ ದೊಡ್ಡವನ ಥರ ವಿಚಾರಣೆ ಮಾಡಿ ಅನ್ನೋ ಪೊಲೀಸರ ಅರ್ಜೀನ ಮಂಡಳಿ 2025ರ ಜುಲೈನಲ್ಲಿ ತಳ್ಳಿಹಾಕ್ತು. ಅದೇ ಇನ್ನೊಂದು ಕಡೆ, 17ರ ಹುಡುಗ 17ರ ಹುಡುಗಿ ಲವ್ ಮಾಡಿ ಓಡಿಹೋದ್ರು ಅನ್ನಿ, ಹುಡುಗಿ ಮನೆಯೋರು ಕಂಪ್ಲೇಂಟ್ ಕೊಟ್ರೆ ಪೋಕ್ಸೋ, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಕಾಯ್ದೆ, ಬೀಳತ್ತೆ, 18ರ ಕೆಳಗೆ ಒಪ್ಪಿಗೆಗೆ ಬೆಲೆ ಇಲ್ಲ, ಅಲ್ಲಿ ಕನಿಷ್ಠ ಶಿಕ್ಷೆ ಹತ್ತು ವರ್ಷ. ಅದು "ಘೋರ"! ಅವನನ್ನ ದೊಡ್ಡವನ ಥರ ವಿಚಾರಣೆಗೆ ಕಳಿಸೋ ದಾರಿ ತೆರೆದೇ ಇರತ್ತೆ. ಇಂಥ ಓಡಿಹೋದ ಕೇಸುಗಳನ್ನ ನೋಡೀನೋಡಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ಒಪ್ಪಿಗೆಯ ವಯಸ್ಸಿನ ಗೆರೆ ಬಗ್ಗೆ ಮತ್ತೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳ್ತು. ಆಯೋಗ 2023ರ ವರದೀಲಿ ಗೆರೆ ಇಳಿಸೋದು ಬೇಡ, ಆದ್ರೆ 16ರಿಂದ 18ರೊಳಗಿನೋರ ಒಪ್ಪಿಗೆ ಇದ್ದ ಕೇಸುಗಳಲ್ಲಿ ಶಿಕ್ಷೆ ವಿಷಯದಲ್ಲಿ ಜಡ್ಜ್‌ಗೆ ವಿವೇಚನೆ ಕೊಡಿ ಅಂತು.

ತಲೆಯೊಳಗೆ ಇಣುಕೋ ಕೆಲಸ

ಘೋರ ಅಂತಾದ್ರೂ ಸೀದಾ ದೊಡ್ಡ ಕೋರ್ಟಿಗೆ ಹೋಗಲ್ಲ. ಮಂಡಳಿ ಮೊದಲು ಪ್ರಾಥಮಿಕ ಮೌಲ್ಯಮಾಪನ ಮಾಡ್ಬೇಕು: ಇದನ್ನ ಮಾಡೋ ದೈಹಿಕ, ಮಾನಸಿಕ ಸಾಮರ್ಥ್ಯ ಹುಡುಗನಿಗಿತ್ತಾ, ಪರಿಣಾಮ ಅರ್ಥ ಆಗ್ತಿತ್ತಾ, ಯಾವ ಸಂದರ್ಭದಲ್ಲಿ ಆಯ್ತು. ತಪ್ಪು ಮಾಡಿದಾನಾ ಇಲ್ವಾ ಅನ್ನೋದನ್ನ ಇಲ್ಲಿ ಕೇಳಲ್ಲ. ಕೇಳೋಕೆ ಸುಲಭ, ಮಾಡೋಕೆ ಕಷ್ಟ, ಯಾಕಂದ್ರೆ ಹುಡುಗನ್ನ ಇವತ್ತು ಕೂರಿಸಿ ಮಾತಾಡಿಸಿ, ತಿಂಗಳ ಹಿಂದೆ ಆ ಹೊತ್ತಲ್ಲಿ ಅವನ ತಲೇಲಿ ಏನಿತ್ತು ಅಂತ ಹೇಳ್ಬೇಕು. ಗುರುಗ್ರಾಮದ ಶಾಲೆಯೊಂದರ ಕೊಲೆ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಇದು ತುಂಬಾ ನಾಜೂಕಿನ ಕೆಲಸ, ಮಂಡಳೀಲಿ ಮಕ್ಕಳ ಮನಃಶಾಸ್ತ್ರ ಇಲ್ಲಾ ಮನೋವೈದ್ಯಶಾಸ್ತ್ರ ಓದಿದೋರು ಇಲ್ಲದಿದ್ರೆ ಹೊರಗಿನ ತಜ್ಞರ ಸಹಾಯ ತಗೊಳ್ಳಲೇಬೇಕು ಅಂತು. ನಮ್ಮ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ಇದಕ್ಕೆ ಬೇಕಾದ ಪ್ರಶ್ನಾವಳಿ ಮಾಡಿದೆ, ಬೇರೆ ಬೇರೆ ರಾಜ್ಯದ ಸಿಬ್ಬಂದಿಗೆ ಟ್ರೇನಿಂಗೂ ಕೊಡತ್ತೆ.

ಈ ಕೆಲಸಕ್ಕೆ ಮೂರು ತಿಂಗಳ ಗಡುವಿದೆ. ಕರ್ನಾಟಕದ್ದೇ ಒಂದು ಕೇಸಲ್ಲಿ, ಪುಣೆ ಅಪಘಾತಕ್ಕೆ ಹನ್ನೆರಡು ದಿನ ಮುಂಚೆ, 2024ರ ಮೇ 7ಕ್ಕೆ, ಸುಪ್ರೀಂ ಕೋರ್ಟ್ ಈ ಗಡುವು ಕಡ್ಡಾಯ ಅಲ್ಲ, ಕಾರಣ ಇದ್ರೆ ದಾಟಬಹುದು ಅಂತ ಹೇಳ್ತು. ತಜ್ಞರ ವರದಿ ತಡ ಆಯ್ತು ಅಂತ ಕೇಸೇ ಬಿದ್ದುಹೋಗಬಾರದು ಅನ್ನೋದು ಒಂದು ಕಡೆ, ತಡ ಆದಷ್ಟೂ ಹುಡುಗ ನಡುನೀರಲ್ಲಿ ಅನ್ನೋದು ಇನ್ನೊಂದು ಕಡೆ.

ಎಲ್ಲಿ ಸೋರ್ತಿದೆ

ಓದ್ತಾ ಓದ್ತಾ ನಿಮಗೂ ಅನ್ನಿಸಿರಬಹುದು, ಪುಸ್ತಕದಲ್ಲಿ ಎಲ್ಲಾ ಚೆನ್ನಾಗೇ ಇದ್ಯಲ್ಲ ಅಂತ. ಹೌದು. ತೊಂದರೆ ಇರೋದು ಕಾನೂನಿಗೂ ಮಂಜನಿಗೂ ನಡುವೆ.

362 ಮಂಡಳಿಗಳ ಮಾಹಿತಿ ಇಟ್ಕೊಂಡು, ರಾಜ್ಯಗಳ ನ್ಯಾಯ ವ್ಯವಸ್ಥೆಯನ್ನ ಅಳೆದು ನೋಡೋ ಇಂಡಿಯಾ ಜಸ್ಟಿಸ್ ರಿಪೋರ್ಟ್‌ನೋರು 2025ರಲ್ಲಿ ಬಿಟ್ಟ ಅಧ್ಯಯನದ ಪ್ರಕಾರ, 2023ರ ಅಕ್ಟೋಬರ್ ಕೊನೆಗೆ ಅರ್ಧಕ್ಕಿಂತ ಜಾಸ್ತಿ, ಶೇ. 55ರಷ್ಟು ಕೇಸುಗಳು ಬಾಕಿ. ಒಡಿಶಾದಲ್ಲಿ ಶೇ. 83, ಕರ್ನಾಟಕದಲ್ಲಿ ಶೇ. 35. ಸುಮಾರು ನಾಲ್ಕರಲ್ಲಿ ಒಂದು ಮಂಡಳೀಲಿ ಮೂರೂ ಕುರ್ಚಿ ತುಂಬಿಲ್ಲ. ನಮ್ಮ ರಾಜ್ಯ ವಾಸಿ ಅಂತ ಸಮಾಧಾನ ಪಡಬಹುದು, ಆದ್ರೆ ಮೂರರಲ್ಲಿ ಒಂದು ಕೇಸು ಬಾಕಿ ಅನ್ನೋದೂ ಕಮ್ಮಿಯೇನಲ್ಲ.

ಇದಕ್ಕಿಂತ ಕಸಿವಿಸಿ ಆಗೋದು ಇನ್ನೊಂದು ಅಂಕಿ. ಮಾಹಿತಿ ಹಕ್ಕಿನಡಿ ಸಿಕ್ಕ ಉತ್ತರಗಳ ಲೆಕ್ಕದಲ್ಲಿ, 2016ರಿಂದ 2021ರ ನಡುವೆ 9,681 ಮಕ್ಕಳು ದೊಡ್ಡವರ ಜೈಲಿನಲ್ಲಿದ್ದು, ಆಮೇಲೆ ಇವರು ಮಕ್ಕಳು ಅಂತ ಗೊತ್ತಾಗಿದೆ. ಹೇಗೆ ಹಿಂಗಾಗತ್ತೆ ಅಂದ್ರೆ, ಸ್ಟೇಷನ್‌ನಲ್ಲಿ "ನೋಡೋಕೆ ಇಪ್ಪತ್ತರೋನ ಥರ ಇದಾನೆ" ಅಂತ 19 ಅಂತ ಬರ್ಕೊಂಡ್ಬಿಡ್ತಾರೆ, ಹುಡುಗನ ಕೈಲಿ ದಾಖಲೆ ಇರಲ್ಲ, ಮನೆಯೋರಿಗೆ ಕೇಳೋಕೆ ಗೊತ್ತಿರಲ್ಲ. ಕಾನೂನು ಹೇಳೋ ಕ್ರಮ ಬೇರೆ, ಮೊದಲು ಶಾಲೆಯ ಜನ್ಮದಿನಾಂಕ ಪತ್ರ ಇಲ್ಲಾ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಅದಿಲ್ಲದಿದ್ರೆ ಮುನ್ಸಿಪಾಲಿಟಿ ಇಲ್ಲಾ ಪಂಚಾಯ್ತಿ ಕೊಟ್ಟ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ರೆ ಮಾತ್ರ ಮೂಳೆ ಪರೀಕ್ಷೆ. ಮೂಳೆ ಪರೀಕ್ಷೇಲಿ ಒಂದೆರಡು ವರ್ಷ ಆಚೀಚೆ ಆಗತ್ತೆ, 17ಕ್ಕೂ 19ಕ್ಕೂ ನಡುವೆ ಇರೋದೇ ಅಷ್ಟು.

ಇನ್ನು ಪರಿವೀಕ್ಷಣಾಧಿಕಾರಿ. ಒಬ್ಬರ ತಲೆ ಮೇಲೆ ಹತ್ತಾರು ಕೇಸ್ ಬಿದ್ರೆ ಮನೆಗೆ ಹೋಗಿ ಕೂತು ಮಾತಾಡೋದು ಎಲ್ಲಿ, ಫಾರಂ ತುಂಬಿ ಕಳಿಸೋದಷ್ಟೇ ಆಗತ್ತೆ. "ತಂದೆ ಕೂಲಿ, ಬಡ ಕುಟುಂಬ, ಕೆಟ್ಟ ಸಹವಾಸ", ಮೂರೇ ಸಾಲು. ಇಂಥ ವರದಿ ನೋಡಿ ಯಾವ ಮಂಡಳಿ ತಾನೇ ಏನು ತೀರ್ಮಾನ ಮಾಡತ್ತೆ?

ಸುಧಾರಣೆ ಅಂದ್ರೆ ಏನ್ ಕೇಳ್ತಿದಾರೆ

ಟೀವಿ ಚರ್ಚೆಗಳಲ್ಲಿ ಸುಧಾರಣೆ ಅಂದ್ರೆ ವಯಸ್ಸು ಇಳಿಸೋದು, ಅಷ್ಟೇ. ಈ ಕ್ಷೇತ್ರದಲ್ಲಿ ಕೆಲಸ ಮಾಡೋರು ಕೇಳೋ ಪಟ್ಟಿ ನೋಡಿದ್ರೆ ಬಹುಪಾಲು ಬೋರಿಂಗ್ ವಿಷಯಗಳು: ಖಾಲಿ ಹುದ್ದೆ ತುಂಬಿ, ಕೌನ್ಸೆಲರ್ ಕೊಡಿ, ಸಣ್ಣ ಕೇಸನ್ನ ಮಂಡಳಿ ತನಕ ಎಳೀಬೇಡಿ, ಆಚೆ ಬಂದ ಮೇಲೆ ಕೈಬಿಡಬೇಡಿ.

ಕೊನೇದು ತುಂಬಾ ಮುಖ್ಯ ಅಂತ ನನಗನ್ಸತ್ತೆ. 18 ತುಂಬಿ ಆಚೆ ಬರೋ ಹುಡುಗನಿಗೆ 21ರ ತನಕ, ಅಪರೂಪಕ್ಕೆ 23ರ ತನಕ, ಉಳಿಯೋಕೆ, ಓದೋಕೆ, ಕೆಲಸ ಕಲಿಯೋಕೆ ನೆರವು ಕೊಡಬೇಕು ಅಂತ ಇದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೇಲಿ ತಿಂಗಳಿಗೆ 4,000 ರೂಪಾಯಿ. ಬೆಂಗಳೂರಲ್ಲಿ ಪಿಜಿ ಬಾಡಿಗೆ ಕಟ್ಟೋ ಯಾರನ್ನಾದ್ರೂ ಕೇಳಿ, ಅಷ್ಟಕ್ಕೆ ಏನ್ ಸಿಗತ್ತೆ ಅಂತ.

ಬೇರೆ ದೇಶದ ಒಂದು ಮಾದರಿ ಹೇಳ್ಬೇಕಂದ್ರೆ ನ್ಯೂಜಿಲೆಂಡ್. ಅಲ್ಲಿ 1989ರ ಕಾನೂನು ತಂದಿದ್ದು ಕುಟುಂಬ ಸಭೆ, ಹುಡುಗ, ಅವನ ಅಪ್ಪ ಅಮ್ಮ, ದೊಡ್ಡಪ್ಪ ಚಿಕ್ಕಮ್ಮ, ಪೊಲೀಸು, ಒಪ್ಪಿದ್ರೆ ನಷ್ಟ ಅನುಭವಿಸಿದೋರು, ಎಲ್ಲರೂ ಒಂದೇ ಕಡೆ ಕೂತು ಇದನ್ನ ಹೇಗೆ ಸರಿ ಮಾಡೋದು ಅಂತ ಮಾತಾಡ್ತಾರೆ. ಅಲ್ಲಿನ ಮೂಲನಿವಾಸಿ ಮಾವೊರಿ ಜನರ ಪದ್ಧತಿಯ ನೆರಳು ಇದರ ಮೇಲಿದೆ. ನಮ್ಮ ಕಟ್ಟೆ ಪಂಚಾಯ್ತಿ ಥರ ಅಲ್ವಾ ಅಂತ ಕೇಳಬಹುದು, ಅಲ್ಲ, ಅಲ್ಲಿ ಅಧಿಕಾರಿ ಇರ್ತಾರೆ, ಕೋರ್ಟಿನ ಕಣ್ಣಿರತ್ತೆ, ಊರ ಗೌಡರ ಮರ್ಜಿ ನಡೆಯಲ್ಲ. ಮಂಜನ ಕೇಸಲ್ಲಿ ಮೊಬೈಲ್ ಕಳ್ಕೊಂಡೋರು ಎದುರಿಗೆ ಕೂತು "ಅದರಲ್ಲಿ ನನ್ನ ತೀರ್ಕೊಂಡ ಅಮ್ಮನ ಫೋಟೋ ಇತ್ತು ಕಣಪ್ಪ" ಅಂದ್ರೆ ಅದು 300 ಪದದ ಪ್ರಬಂಧಕ್ಕಿಂತ ಬೇರೆ ಥರ ನಾಟತ್ತೆ.

ಮನೇಲಿ ಮಕ್ಕಳಿರೋರಿಗೆ

ಹುಡುಗ ಯಾವುದೇ ಕೇಸಲ್ಲಿ ಸಿಕ್ಕಿದ್ರೂ ಮೊದಲು ವಯಸ್ಸಿನ ದಾಖಲೆ ತಗೊಂಡು ಸ್ಟೇಷನ್‌ಗೆ ಹೋಗಿ, ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಅಂತ ಕೇಳಿ. ಲಾಯರ್‌ಗೆ ದುಡ್ಡಿಲ್ಲ ಅಂದ್ರೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ಲಾಯರ್ ಸಿಗ್ತಾರೆ, ಮಕ್ಕಳ ಸಹಾಯವಾಣಿ 1098. ಬಾಲಕನ ಹೆಸರು, ಫೋಟೋ, ಸ್ಕೂಲು ಯಾವುದನ್ನೂ ಪ್ರಕಟಿಸಂಗಿಲ್ಲ, ಮಾಡಿದ್ರೆ ಆರು ತಿಂಗಳ ತನಕ ಜೈಲು, ಎರಡು ಲಕ್ಷದ ತನಕ ದಂಡ, ಇಲ್ಲಾ ಎರಡೂ. ಗ್ರೂಪಲ್ಲಿ ಫೋಟೋ ಫಾರ್ವರ್ಡ್ ಮಾಡೋಕೆ ಮುಂಚೆ ಇದು ನೆನಪಿರ್ಲಿ.

ಇನ್ನೊಂದು, ಪಿಯುಸಿ ಮಗನಿಗೆ ಬೈಕ್ ಕೀ ಕೊಡೋರಿಗೆ. 2019ರ ಮೋಟಾರು ವಾಹನ ತಿದ್ದುಪಡಿ ಪ್ರಕಾರ 18 ಆಗದೋರು ಓಡಿಸಿ ತಪ್ಪು ಮಾಡಿದ್ರೆ ಪೋಷಕರಿಗೆ ಇಲ್ಲಾ ಗಾಡಿ ಮಾಲೀಕರಿಗೆ ಮೂರು ವರ್ಷದ ತನಕ ಜೈಲು, 25,000 ದಂಡ, ಗಾಡಿ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ತುಂಬೋ ತನಕ ಲೈಸೆನ್ಸ್ ಇಲ್ಲ. ಹಾಗೇ, ಮಕ್ಕಳನ್ನ ಮುಂದೆ ಬಿಟ್ಟು ಕಳ್ಳತನ ಮಾಡಿಸೋ ದೊಡ್ಡವರಿಗೆ ಹೊಸ ನ್ಯಾಯ ಸಂಹಿತೇಲಿ ಕನಿಷ್ಠ ಮೂರು ವರ್ಷ, ಗರಿಷ್ಠ ಹತ್ತು.

ಕೇಸ್ ಮುಗಿದ ಮೇಲೆ ಮಂಜನ ದಾಖಲೆ ಏನಾಗತ್ತೆ? ಅಪೀಲು ಅವಧಿ ಮುಗಿದ ಮೇಲೆ ನಾಶ ಮಾಡ್ಬೇಕು, ದೊಡ್ಡವರ ಥರ ವಿಚಾರಣೆಯಾಗಿ ತಪ್ಪಿತಸ್ಥ ಅಂತಾದೋರಿಗೆ ಮಾತ್ರ ಇದು ಅನ್ವಯಿಸಲ್ಲ. ಮುಂದೆ ಯಾವ ಕೆಲಸಕ್ಕೂ ಆ ಹಳೇ ಕೇಸು ಅಡ್ಡ ಬರಬಾರದು. ಹುಡುಗನಾಗಿದ್ದಾಗಿನ ಕೇಸು ಹಿಡ್ಕೊಂಡು ಒಬ್ಬರಿಗೆ ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್‌ನ ಕೆಲಸ ತಪ್ಪಿಸಿದಾಗ, 2019ರಲ್ಲಿ ಸುಪ್ರೀಂ ಕೋರ್ಟ್ ಆ ಅಭ್ಯರ್ಥಿ ಪರವಾಗೇ ನಿಂತಿತು. ಪೊಲೀಸ್ ವೆರಿಫಿಕೇಶನ್‌ಗೆ ಬಂದೋರು ಹಳೇದನ್ನ ಕೆದಕಿದ್ರೆ ತೋರಿಸೋಕೆ ಕಾಯ್ದೆಯ 24ನೇ ಸೆಕ್ಷನ್ ಇದೆ, ನಂಬರ್ ಬರೆದಿಟ್ಕೊಳ್ಳಿ.